ಸೀಟಿ ಹೊಡೆದು ತೋರಿಸಿದ ದಿಲ್ಲಿ

ನಮ್ಮ ಹೆಡ್‌ಮಾಸ್ತರು ನಿವೃತ್ತರಾದ ದಿನ ಶಾಲೆಯಿಂದ ಅವರಿಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಆಟದ ಪಿರಿಯಡ್ಡಿನ ಸೀಟಿಯನ್ನು ಮಾತ್ರ ಅವರು ತಾವಾಗಿಯೇ ಜೇಬಿಗೆ ಹಾಕಿಕೊಂಡು ಹೋದರು. ಅಷ್ಟು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯ, ಮನೆಯಲ್ಲಿ ಕೂತು ಯಾರನ್ನು ನಿಲ್ಲಿಸಬೇಕು? ಆರು ತಿಂಗಳು ಚಡಪಡಿಸಿ, ಕಡೆಗೆ ಮೊಬೈಲಿನಲ್ಲಿ ಒಂದು ಗ್ರೂಪು ಕಟ್ಟಿದರು. ದಿಲ್ಲಿ ನೋಡುವುದು, ಅಲ್ಲಿಂದ ಒಂದು ದಿನ ಮಥುರಾ ವೃಂದಾವನ, ಇನ್ನೊಂದು ದಿನ ಹರಿದ್ವಾರ. ಗಜೇಂದ್ರಗಡದಿಂದ ಎಂಟು ಜನ, ರೋಣದಿಂದ ಎಂಟು, ನರಗುಂದದಿಂದ ಎಂಟು. ಮೂರು ಊರಿಗೂ ಅನ್ಯಾಯ ಆಗಬಾರದು ಎಂದು ಅವರೇ ಲೆಕ್ಕ ಹಾಕಿದ್ದರು.

ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುವವಳು. ಹದಿನಾಲ್ಕು ವರ್ಷ ಅವರ ಕೈಕೆಳಗೆ ಕೆಲಸ ಮಾಡಿ, ಅವರಿಗೆ ಇಲ್ಲ ಎನ್ನುವುದನ್ನೇ ಮರೆತಿದ್ದೆ. ಹೀಗಾಗಿ ಗ್ರೂಪಿನಲ್ಲಿ ನನ್ನ ಹೆಸರು, ನಮ್ಮ ಮನೆಯವರ ಹೆಸರು ಮೊದಲೇ ಸೇರಿದ್ದವು. ನಮ್ಮ ಮನೆಯವರದು ಬಜಾರದಲ್ಲಿ ಸೀರೆ ಅಂಗಡಿ. ಅಂಗಡಿ ಬಿಟ್ಟು ಅವರು ಕೊಪ್ಪಳಕ್ಕೆ ಹೋದರೂ ಸಂಜೆಯೊಳಗೆ ವಾಪಸ್ ಬರುವವರು. ಅವರು ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಅತ್ತೆ, ಎಪ್ಪತ್ತೈದು ದಾಟಿದವರು, ಅಡುಗೆಮನೆಯಿಂದಲೇ ಕೂಗಿದರು.

"ದಿಲ್ಲಿ ಅಂದ್ರ ನಾನೂ ಬರ್ತೀನಿ. ಹರಿದ್ವಾರ ಆದ್ರೂ ಆಗಲಿ, ಬಿಟ್ರೂ ಬಿಡಲಿ. ದಿಲ್ಲಿ ನೋಡಬೇಕು."

ಈ ವಯಸ್ಸಿನಲ್ಲಿ ಗಂಗೆ ಬಿಟ್ಟು ದಿಲ್ಲಿ ಯಾಕೆ ಬೇಕಾಯಿತೋ ನಮಗೆ ತಿಳಿಯಲಿಲ್ಲ. ಕೇಳಿದರೂ ಅವರು ಹೇಳಲಿಲ್ಲ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ರೈಲಿನಲ್ಲಿ ಮೂರು ಊರಿನವರು ಮೂರು ರಾಜ್ಯದವರ ಹಾಗೆ ಕೂತರು. ಗಜೇಂದ್ರಗಡ ತಾಲೂಕಾಗಿ ಬಹಳ ವರ್ಷವೇನೂ ಆಗಿಲ್ಲ. ರೋಣದವರು ಇವತ್ತಿಗೂ ನಮ್ಮನ್ನು ತಮ್ಮ ಹೋಬಳಿ ಎಂದೇ ತಿಳಿದಿದ್ದಾರೆ, ಹಾಗಾಗಿ ಕೆಳಗಿನ ಬರ್ತುಗಳನ್ನು ಮೊದಲು ತಾವು ಹಿಡಿದರು. ನರಗುಂದದವರು ತಮ್ಮ ಊರಿನ ಬಂಡಾಯದ ಇತಿಹಾಸ ತೆಗೆದರು. ಆ ಇತಿಹಾಸ ಮುಗಿಯುವುದರೊಳಗೆ ಬೆಳಗಾವಿ ದಾಟಿತ್ತು. ಎಲ್ಲರ ಬುತ್ತಿ ಬಿಚ್ಚಿದಾಗ ಮಾತ್ರ ರಾಜ್ಯಗಳು ಒಂದಾದವು. ಯಾಕೆಂದರೆ ಎಲ್ಲರ ಬುತ್ತಿಯಲ್ಲೂ ಇದ್ದದ್ದು ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಇಪ್ಪತ್ನಾಲ್ಕು ಜನ, ನಾನೂರು ರೊಟ್ಟಿ. ದಿಲ್ಲಿಯಲ್ಲಿ ಅನ್ನ ಸಿಗುವುದಿಲ್ಲ ಎಂದು ಯಾರು ಹೇಳಿದ್ದರೋ.

ಹೆಡ್‌ಮಾಸ್ತರು ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ಹಾಜರಿ ತೆಗೆದುಕೊಂಡರು. ಎಲ್ಲರೂ ಬರ್ತಿನಿಂದಲೇ "ಹಾಜರ್ರಿ" ಅನ್ನಬೇಕು. ಶೌಚಕ್ಕೆ ಹೋದವರ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಗೈರು. ರೋಣದ ಒಬ್ಬ ಹಿರಿಯರಿಗೆ ಸಕ್ಕರೆ ಕಾಯಿಲೆ. ಭೋಪಾಲದ ಹೊತ್ತಿಗೆ ಅವರ ಹೆಸರಿನ ಮುಂದೆ ಎಷ್ಟು ಗೈರು ಬಿದ್ದಿದ್ದವೆಂದರೆ, ಶಾಲೆಯಾಗಿದ್ದರೆ ಪರೀಕ್ಷೆಗೇ ಕೂಡಿಸುತ್ತಿರಲಿಲ್ಲ.

ಹೆಡ್‌ಮಾಸ್ತರ ದೊಡ್ಡ ಆಸ್ತಿ ಅವರ ಹಿಂದಿ. ಹಿಂದಿಯ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸಾದವರು. "ಭಾಷಾದ ಚಿಂತಿ ಯಾರೂ ಮಾಡಬ್ಯಾಡ್ರಿ, ನಾ ಇದ್ದೀನಿ" ಎಂದು ಹುಬ್ಬಳ್ಳಿಯಲ್ಲೇ ಭರವಸೆ ಕೊಟ್ಟಿದ್ದರು. ದಿಲ್ಲಿಯಲ್ಲಿ ಇಳಿದು ಬಸ್ಸಿನವನನ್ನು ಕೇಳಿದರು: "ಮಹಾಶಯ, ಕೃಪಯಾ ಹಮೇಂ ವಿಶ್ರಾಮಗೃಹ ಕಾ ಮಾರ್ಗ ದರ್ಶಾಯಿಯೇ." ಡ್ರೈವರು ಪಂಜಾಬಿನ ಕಡೆಯ ದಾಂಡಿಗ. ಇವರನ್ನು ಮೇಲಿಂದ ಕೆಳಗೆ ನೋಡಿ, ಇವರು ಏನೋ ಮಂತ್ರ ಹೇಳುತ್ತಿದ್ದಾರೆಂದು ತಿಳಿದು ಕೈಮುಗಿದ. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಅವರದು ಗಜೇಂದ್ರಗಡದ ಸಂತೆಯಲ್ಲಿ ಕಲಿತ ಮುಸಲ್ಮಾನರ ಮಾತು. "ಕ್ಯಾ ಭಾಯಿ, ಹಮಾರೀ ಧರ್ಮಶಾಲಾ ಕಿಧರ್ ಹೈ? ಹಳ್ಳು ಚಲಾವ್, ಬುಡ್ಡೀ ಹೂಂ ಮೈಂ" ಎಂದರು, ಮುದುಕಿ ಇದ್ದೀನಿ, ಮೆಲ್ಲಗೆ ಓಡಿಸು ಅಂತ. ಡ್ರೈವರು ನಕ್ಕು, "ಬೈಠೋ ಮಾತಾಜಿ" ಎಂದು ಮುಂದಿನ ಸೀಟು ಒರೆಸಿ ಕೊಟ್ಟ. ಹೆಡ್‌ಮಾಸ್ತರು ನನ್ನ ಕಿವಿಯ ಹತ್ತಿರ ಬಂದು, "ವ್ಯಾಕರಣ ಪೂರಾ ತಪ್ಪೈತಿ ಟೀಚರ್ರ" ಎಂದರು.

ಮೊದಲ ದಿನ ದಿಲ್ಲಿ ದರ್ಶನ. ಒಂಬತ್ತು ಸ್ಥಳ, ಒಂದು ಬಸ್ಸು, ಒಂದು ಸೀಟಿ. ಇಳಿಯಲು ಒಂದು ಸಲ ಊದುವುದು, ಹತ್ತಲು ಎರಡು ಸಲ, ನಡುವೆ ನೋಡಲು ಐದೇ ನಿಮಿಷ. ಮೊದಲು ಕೆಂಪು ಕೋಟೆ. ಅಲ್ಲಿಗೆ ಹೋದರೆ ಬಾಗಿಲು ಹಾಕಿತ್ತು. ಸೋಮವಾರ ಕೋಟೆಗೆ ರಜೆಯಂತೆ. ಅಷ್ಟು ದಿನ ಕೂತು ನಿಮಿಷ ನಿಮಿಷದ ವೇಳಾಪಟ್ಟಿ ಹಾಕಿದವರು ವಾರವೊಂದನ್ನು ಮರೆತಿದ್ದರು. ಆದರೂ ಸೋಲೊಪ್ಪಲಿಲ್ಲ.

"ಕೋಟೆಯ ಭವ್ಯತೆ ಹೊರಗಿನಿಂದನ ಚಲೋ ಕಾಣತೈತಿ. ಒಳಗ ಹೋದ್ರ ಬರೀ ಗ್ವಾಡಿ" ಎಂದರು.

ಎಲ್ಲರೂ ಮುಚ್ಚಿದ ಬಾಗಿಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅತ್ತೆ ಕೋಟೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ, "ಗುಡ್ಡಾನ ಇಲ್ಲಲ್ಲೋ ಇದಕ್ಕ? ಗುಡ್ಡ ಇಲ್ದ ಎಂಥಾ ಕ್ವಾಟಿ?" ಎಂದರು. ನಮ್ಮೂರಿನ ಗುಡ್ಡದ ಮೇಲಿನ ಗಡ ನೋಡಿ ಬೆಳೆದವರಿಗೆ ನೆಲದ ಮೇಲೆ ಕೂತ ಕೋಟೆ ಕೋಟೆಯೇ ಅಲ್ಲ. ನರಗುಂದದವರು ಈ ಮಾತಿಗೆ ಜೋರಾಗಿ ಹೌದು ಎಂದರು. ಅವರಿಗೂ ಗುಡ್ಡ ಇದೆ. ಗುಡ್ಡವಿಲ್ಲದ ರೋಣದವರು ಬಸ್ಸಿನ ಕಡೆ ನಡೆದರು.

ಪಾರ್ಲಿಮೆಂಟು ಬಸ್ಸಿನ ಎಡಗಡೆ ಬಂತು. ಎಡಗಡೆ ಕೂತವರಿಗೆ ಕಂಡಿತು. ಬಲಗಡೆ ಇದ್ದವರು ರೋಣದವರು. ಅವರಿಗೆ ಕಂಡದ್ದು ಪಕ್ಕದಲ್ಲಿ ಬಂದ ಇನ್ನೊಂದು ಬಸ್ಸು, ಅದರಲ್ಲಿ ಇವರನ್ನೇ ನೋಡುತ್ತಿದ್ದ ಯಾವುದೋ ಊರಿನ ಜನ. "ತಿರುಗಿ ಬರೂ ಮುಂದ ನಿಮ್ಮ ಕಡೆ ಬರ್ತೈತ್ರಿ" ಎಂದು ಹೆಡ್‌ಮಾಸ್ತರು ಸಮಾಧಾನ ಹೇಳಿದರು. ಬಸ್ಸು ಬೇರೆ ರಸ್ತೆಯಿಂದ ತಿರುಗಿ ಬಂತು. ರೋಣದವರಿಗೆ ಪ್ರಜಾಪ್ರಭುತ್ವ ಕಾಣಿಸಲೇ ಇಲ್ಲ.

ಮರುದಿನ ಮಥುರೆಗೆ ಹೋದೆವು. ಕೃಷ್ಣ ಹುಟ್ಟಿದ ಜಾಗಕ್ಕೆ ಮೊಬೈಲು ಒಯ್ಯುವಂತಿಲ್ಲ, ಹೊರಗೇ ಇಟ್ಟು ಹೋಗಬೇಕು. ನಮ್ಮ ಗುಂಪಿನ ಹೆಂಗಸರು ಗರ್ಭಗುಡಿಯ ಮುಂದೆ ಬರಿಗೈಯಲ್ಲಿ ನಿಂತು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಬರಿಯಾದರು. ಆಮೇಲೆ ಒಬ್ಬರಿಗೆ ಕೈಮುಗಿಯುವುದು ನೆನಪಾಯಿತು. ಹೊರಗೆ ಬಂದು ರೋಣದ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳಿದಳು.

"ಅಕ್ಕಾರ, ಫೋಟೋ ಇಲ್ದ ದರ್ಶನ ಆಗೇತಿ ಅಂದ್ರ ಊರಾಗ ನಂಬ್ತಾರೇನ್ರಿ?"

"ದೇವರು ನಂಬಿದ್ರ ಸಾಕಲ್ಲ?" ಎಂದೆ.

"ದೇವರಿಗೇನ್ರಿ, ನನ್ನ ನೆಗೆಣ್ಣಿ ನಂಬಬೇಕಲ್ಲ" ಎಂದಳು.

ವೃಂದಾವನದ ಒಂದು ಗುಡಿಯಲ್ಲಿ ದೇವರ ಮುಂದೆ ಪರದೆ. ಸ್ವಲ್ಪ ಹೊತ್ತಿಗೊಮ್ಮೆ ಎಳೆಯುತ್ತಾರೆ, ಸರಿಸುತ್ತಾರೆ. ಜನರ ನೂಕಾಟದಲ್ಲಿ ನಾವು ಕತ್ತು ಎತ್ತುವಷ್ಟರಲ್ಲಿ ಪರದೆ, ಕತ್ತು ಇಳಿಸುವಷ್ಟರಲ್ಲಿ ದೇವರು. "ಈ ದೇವರೂ ನಿಮ್ಮ ಹಾಂಗ ಐದು ನಿಮಿಷದಾಂವ ಇದ್ದಾನ ನೋಡ್ರಿ ಮಾಸ್ತರ" ಎಂದು ಅತ್ತೆ ಹೇಳಿದಾಗ, ಹೆಡ್‌ಮಾಸ್ತರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಗುಡಿಯಿಂದ ಹೊರಬಂದು ಓಣಿಯಲ್ಲಿ ಹಾಜರಿ ತೆಗೆಯಲು ಅವರು ಪುಸ್ತಕ ಬಿಚ್ಚಿದರು. ಅಷ್ಟರಲ್ಲಿ ಮೇಲಿನ ಮಾಳಿಗೆಯಿಂದ ಒಂದು ಮಂಗ ಇಳಿಯಿತು, ಅವರ ಹೆಗಲಿಗೆ ಕೈಯೂರಿತು, ಮೂಗಿನ ಮೇಲಿದ್ದ ಚಾಳೀಸು ತೆಗೆದುಕೊಂಡು ಕಿಟಕಿಯ ಮೇಲೆ ಹೋಗಿ ಕೂತಿತು. ಎಲ್ಲ ಒಂದು ಕ್ಷಣದಲ್ಲಿ. ಹೆಡ್‌ಮಾಸ್ತರು ಸೀಟಿ ಊದಿದರು. ಇಪ್ಪತ್ಮೂರು ಜನ ಸಾಲಾಗಿ ನಿಂತೆವು, ಮಂಗ ಮಾತ್ರ ನಿಲ್ಲಲಿಲ್ಲ. ಅತ್ತೆ ಚೀಲದಿಂದ ಒಂದು ರೊಟ್ಟಿ ತೆಗೆದು ತೋರಿಸಿದರು. ಮಂಗ ಕೆಳಗೆ ಬಂದು, ರೊಟ್ಟಿ ಇಸಿದುಕೊಂಡು, ಮೂಸಿ, ಕಟಕ್ಕೆಂದು ಮುರಿದು, ಎರಡೂ ತುಂಡನ್ನು ಗಟಾರಕ್ಕೆ ಎಸೆಯಿತು. ಜೋಳದ ರೊಟ್ಟಿಗೆ ಅಷ್ಟು ದೊಡ್ಡ ಅವಮಾನ ನಾನು ಕಂಡಿರಲಿಲ್ಲ. ಅತ್ತೆಯ ಮುಖ ಕೆಂಪಾಯಿತು.

ಪಕ್ಕದ ಅಂಗಡಿಯವನು ಇದನ್ನೆಲ್ಲ ಆರಾಮಾಗಿ ನೋಡುತ್ತಿದ್ದ. ಮಾವಿನ ರಸದ ಪೊಟ್ಟಣವೊಂದನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಎಸೆಯಿರಿ ಎಂದು ಸನ್ನೆ ಮಾಡಿದ. ಎಸೆದರು. ಮಂಗ ಒಂದು ಕೈಯಲ್ಲಿ ಪೊಟ್ಟಣ ಹಿಡಿಯಿತು, ಇನ್ನೊಂದು ಕೈಯಿಂದ ಚಾಳೀಸು ಬಿಟ್ಟಿತು. ಬೀಳುವ ಚಾಳೀಸನ್ನು ಅಂಗಡಿಯವನು ನೋಡದೆಯೇ ಹಿಡಿದ. ಎಷ್ಟು ವರ್ಷದ ಪಾಲುದಾರಿಕೆಯೋ! ಚಾಳೀಸಿನ ಒಂದು ಕಾಲು ಮುರಿದಿತ್ತು. ಅವತ್ತಿನಿಂದ ಹೆಡ್‌ಮಾಸ್ತರು ಕಿವಿಗೆ ದಾರ ಕಟ್ಟಿಕೊಂಡೇ ಹಾಜರಿ ಕರೆದರು.

ಮೂರನೆಯ ದಿನ ವೇಳಾಪಟ್ಟಿಯಲ್ಲಿ "ಖರೀದಿ ಹಾಗೂ ವಿಶ್ರಾಂತಿ" ಎಂದಿತ್ತು. ಧರ್ಮಶಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅತ್ತೆ ಮಗನಿಗೆ ಹೇಳಿದರು.

"ನಿಮ್ಮ ಅಪ್ಪ ಬಂದ ಜಾಗಾ ನೋಡಬೇಕು. ಕರಕೊಂಡು ಹೋಗು."

ಮಾವನವರು ದಿಲ್ಲಿಗೆ ಬಂದಿದ್ದು ನಮ್ಮ ಓಣಿಗೆಲ್ಲ ಗೊತ್ತಿದ್ದ ಕಥೆ. ನಮ್ಮ ಮನೆಯವರು ಆಗಿನ್ನೂ ತೊಟ್ಟಿಲಲ್ಲಿದ್ದರಂತೆ. ನೂಲು ಸಿಗದೆ ಕೈಮಗ್ಗಗಳು ನಿಂತಿದ್ದಾಗ ಮಾವನವರೂ ಇನ್ನೊಬ್ಬ ನೇಕಾರರೂ ಅರ್ಜಿ ಹಿಡಿದು ದಿಲ್ಲಿಗೆ ಬಂದಿದ್ದರು. ಜೊತೆಗೆ ಮಂತ್ರಿಗಳಿಗೆ ಕೊಡಲು ನಮ್ಮೂರಿನ ಪಟ್ಟೇದಂಚಿನ ಒಂದು ಸೀರೆ. ಮಂತ್ರಿಗಳು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು, ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ ಭಾಳ ಚಲೋ ಎಂದರು, ಹೀಗೆ ಕಥೆ. ನಾನು ಸೊಸೆಯಾಗಿ ಬಂದ ಮೇಲೆ ಅದರಲ್ಲಿ ಬಿಸ್ಕಿಟ್ಟು ಸೇರಿತು, ಮಂತ್ರಿಗಳು ಹೆಗಲ ಮೇಲೆ ಕೈಯಿಟ್ಟದ್ದೂ ಸೇರಿತು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯವರು ಅಂಗಡಿಯ ಬೋರ್ಡಿನ ಮೇಲೆ "ದಿಲ್ಲಿ ಮಂತ್ರಿಗಳ ಮೆಚ್ಚುಗೆ ಪಡೆದ ಪಟ್ಟೇದಂಚು" ಎಂದು ಬರೆಸಿದ್ದರು.

ನಾವು ಮೂವರೇ ಹೊರಡುವವರಿದ್ದೆವು. ಗುಂಪು ಬಿಟ್ಟು ಯಾರೂ ಹೋಗಕೂಡದು ಎಂದು ಹೆಡ್‌ಮಾಸ್ತರೂ ಆಟೋ ಹತ್ತಿದರು. ಆ ಮಂತ್ರಿಗಳ ಖಾತೆಯ ಹೆಸರು ಹೇಳಿ ವಿಚಾರಿಸಿ ಅವರ ಕಚೇರಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ದೊಡ್ಡ ಕಬ್ಬಿಣದ ಗೇಟು, ಬಂದೂಕು ಹಿಡಿದ ಕಾವಲುಗಾರ. ನಮ್ಮ ಮನೆಯವರು ಭಕ್ತಿಯಿಂದ ಕಟ್ಟಡದ ಕಡೆಗೆ ಕೈಮುಗಿದು, "ಇದ ಏನವ್ವಾ, ಅಪ್ಪ ಒಳಗ ಹೋಗಿದ್ದು?" ಎಂದರು. ಅತ್ತೆ ಕಟ್ಟಡದ ಕಡೆ ನೋಡಲೇ ಇಲ್ಲ. ರಸ್ತೆಯ ಬದಿಗೆ ಸಾಲಾಗಿ ನಿಂತಿದ್ದ ಬೇವಿನ ಮರಗಳನ್ನು ನೋಡುತ್ತಿದ್ದರು.

"ನನಗ ಒಂದ ಬೇವಿನ ಗಿಡ ಅಂದಿದ್ರು. ಇಲ್ಲಿ ನೋಡಿದ್ರ ಎಲ್ಲಾ ಬೇವಿನ ಗಿಡಾನ ಅದಾವು" ಎಂದರು.

"ಗಿಡ ಯಾಕ ಬೇ?" ಎಂದು ಮಗ ಕೇಳಿದರು.

"ಅವರು ಮೂರು ದಿನ ಕುಂತಿದ್ದು ಗಿಡದ ಬುಡಕ. ಒಳಗ ಯಾರು ಬಿಟ್ರು?"

ನಮ್ಮ ಮನೆಯವರು ಮುಗಿದ ಕೈ ಇಳಿಸುವುದನ್ನೂ ಮರೆತು ನಿಂತರು. ಅತ್ತೆ ನಿಧಾನವಾಗಿ ಒಂದು ಮರದ ಕಡೆ ನಡೆದರು. ಅಷ್ಟರಲ್ಲಿ ಕಾವಲುಗಾರ, ಇಲ್ಲಿ ನಿಲ್ಲಬೇಡಿ, ಮುಂದೆ ಹೋಗಿ ಎಂದು ಗದರಿಸಿದ. ಅತ್ತೆ ತಮ್ಮ ಸಂತೆಯ ಮಾತಿನಲ್ಲಿ ಏನೋ ಹೇಳಿದರು, ಅವನು ಕೇಳಿಸಿಕೊಳ್ಳಲಿಲ್ಲ. ಅವನ ದನಿ ಏರಿತು. ಆಗ ಹೆಡ್‌ಮಾಸ್ತರು ಚಾಳೀಸಿನ ದಾರ ಬಿಗಿಮಾಡಿಕೊಂಡು ಅವನೆದುರು ನಿಂತರು.

"ಹಮ್ ಕರ್ನಾಟಕ ರಾಜ್ಯ ಸೇ ಆಯಾ ಹುವಾ ಪ್ರತಿನಿಧಿಮಂಡಲ ಹೈಂ. ಇಸ್ ವೃಕ್ಷ ಕಾ ನಿರೀಕ್ಷಣ ಕರನಾ ಹೈ."

ನಿರೀಕ್ಷಣ ಎಂಬ ಮಾತು ಕೇಳಿದ್ದೇ ತಡ, ಕಾವಲುಗಾರನ ಬೆನ್ನು ನೆಟ್ಟಗಾಯಿತು. ಮರದ ತಪಾಸಣೆಗೆ ಯಾವುದೋ ಇಲಾಖೆಯವರು ಬಂದಿದ್ದಾರೆಂದು ತಿಳಿದ. ಸೆಲ್ಯೂಟು ಹೊಡೆದು, ಹತ್ತು ನಿಮಿಷದಲ್ಲಿ ಮುಗಿಸಿರಿ ಸಾಹೇಬರೇ ಎಂದು ವಿನಯದಿಂದ ಹೇಳಿ, ನೀರು ತರಿಸಲೇ ಎಂದೂ ಕೇಳಿದ. ಬಸ್ಸಿನವನಿಗೆ, ಅಂಗಡಿಯವನಿಗೆ, ಚಹಾದವನಿಗೆ ತಿಳಿಯದ ಆ ಹಿಂದಿ ಸರಕಾರಿ ಗೇಟಿಗೆ ಮಾತ್ರ ಚೆನ್ನಾಗಿ ತಿಳಿಯಿತು. ಹೆಡ್‌ಮಾಸ್ತರು ಖರೇನೇ ತಪಾಸಣೆ ಮಾಡುವವರ ಹಾಗೆ ಮರದ ಸುತ್ತ ಒಂದು ಸುತ್ತು ಹಾಕಿ, ತೊಗಟೆ ಮುಟ್ಟಿ, ಹಾಜರಿ ಪುಸ್ತಕದಲ್ಲಿ ಏನೋ ಗೀಚಿಕೊಂಡರು.

ಅತ್ತೆ ಬುಡದಲ್ಲಿ ಕೂತು ಹೇಳಿದರು.

"ದಿನಾ ಮುಂಜಾನೆ ಬರೂದು, ಚೀಟಿ ಕಳಸೂದು, ಸಂಜೀತನ ಕುಂಡ್ರೂದು. ಇಲ್ಲೇ ಒಬ್ಬಾಕಿ ಹೆಣಮಗಳು ಚಾ ಮಾಡತಿದ್ಲಂತ. ಇವರ ಮಾರಿ ನೋಡಿ ಮೂರೂ ದಿನ ಚಾ ಕೊಟ್ಟಾಳ, ರೊಟ್ಟಿ ಕೊಟ್ಟಾಳ. ಹೊಂಡೂ ಮುಂದ ಸೀರಿ ಅಕಿಗೆ ಕೊಟ್ಟು ಬಂದ್ರು. ಅಂಚು ಹಿಂಗ ಬಟ್ಟಿನಾಗ ಹಿಡದು ನೋಡಿ, ಭಾಳ ಚಲೋ ಐತಿ ಅಂದಾಕಿ ಅಕಿ. ಆ ಸೀರಿ ನಾನ ನೇದಿದ್ದೆ."

"ಮತ್ತ ಅಪ್ಪ ಎಲ್ಲಾರ ಮುಂದ ಮಂತ್ರಿ ಅಂತ ಯಾಕ ಹೇಳಿದ?" ಎಂದು ನಮ್ಮ ಮನೆಯವರು ಕೇಳಿದರು.

"ಬಸ್‌ಸ್ಟ್ಯಾಂಡಿಗೆ ಮಂದಿ ಹಾರ ತಗೊಂಡು ಬಂದಿದ್ರಪಾ, ಹಲಗಿ ಬಾರಿಸ್ಕೊಂತ. ಇಬ್ಬರಿಗೂ ಹಾರ ಹಾಕಿದ್ರು. ಹಾರ ಹಾಕಿಸ್ಕೊಂಡ ಮ್ಯಾಲ ಒಳಗ ಬಿಡಲಿಲ್ಲ ಅನ್ನಾಕ ಬಾಯಿ ಬರತೈತೇನು? ಮನಿಗೆ ಬಂದು ನನ್ನ ಮುಂದ ಅಷ್ಟ ಹೇಳಿ ಅತ್ರು. ಮಂದಿ ಮುಂದ ಅವರು ಹೇಳಿದಾಗೆಲ್ಲಾ ನಾ ಒಳಗ ಹೋಗಿ ಒಲಿ ಊದತಿದ್ದೆ."

ಅತ್ತೆ ಬಿದ್ದಿದ್ದ ಬೇವಿನ ಎಲೆಗಳನ್ನು ಒಂದು ಕಡೆ ಸರಿಸಿ, ಅಲ್ಲಿ ಯಾರಿಗೋ ಜಾಗ ಮಾಡುವಂತೆ, ಸ್ವಲ್ಪ ಪಕ್ಕಕ್ಕೆ ಜರುಗಿ ಕೂತರು. ನನಗೆ ಅಲ್ಲಿ ನೋಡಲಾಗದೆ ರಸ್ತೆಯ ಕಡೆ ತಿರುಗಿದೆ. ಸರಕಾರಿ ಕಾರುಗಳು ಗೇಟಿನೊಳಗೆ ಹೋಗುತ್ತಿದ್ದವು. ಹತ್ತು ನಿಮಿಷ ಕಳೆದು ಇನ್ನೂ ಹತ್ತು ನಿಮಿಷವಾಗಿರಬೇಕು. ಹೆಡ್‌ಮಾಸ್ತರು ಅವತ್ತು ಗಡಿಯಾರ ನೋಡಿಕೊಳ್ಳಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ನಮ್ಮ ಮನೆಯವರು ಕೇಳಿದರು, "ಹಂಗಾದ್ರ ಬೋರ್ಡ್ ತೆಗಸಬೇಕೇನವ್ವಾ?"

"ಯಾಕ ತೆಗಸ್ತಿ? ಮೆಚ್ಚಿದ್ದು ಖರೇನ ಐತಿ, ದಿಲ್ಲಿ ಖರೇನ ಐತಿ. ಮಂತ್ರಿ ಅನ್ನೂದೊಂದು ಅಳಸು."

ಊರಿಗೆ ಬಂದ ವಾರದಲ್ಲೇ ಪೇಂಟರನನ್ನು ಕರೆಸಿ ಅವರು ಹಾಗೇ ಮಾಡಿಸಿದರು. ಗಿರಾಕಿಗಳು ಯಾರೂ ಗಮನಿಸಲಿಲ್ಲ. ಮಂತ್ರಿ ಇದ್ದಾಗಲೂ ಅವರು ಕೇಳುತ್ತಿದ್ದದ್ದು ಬಣ್ಣ ಹೋಗುತ್ತದೋ ಇಲ್ಲವೋ ಎಂದಷ್ಟೇ.

ಕೊನೆಯ ದಿನ ಹರಿದ್ವಾರ. ಮುಂಜಾನೆ ಬಿಟ್ಟು ಮಧ್ಯಾಹ್ನದ ಮೇಲೆ ತಲುಪಿದೆವು. ಘಾಟಿನಲ್ಲಿ ಜನವೋ ಜನ. ಗಂಗೆ ಅಷ್ಟು ರಭಸದಲ್ಲಿ ಹರಿಯುವುದನ್ನು ನಾವು ಯಾರೂ ಎಣಿಸಿರಲಿಲ್ಲ. ಮೆಟ್ಟಿಲಿಗೆ ಬಿಗಿದ ಸರಪಳಿ ಹಿಡಿದು ಮುಳುಗಬೇಕು. ಹೆಡ್‌ಮಾಸ್ತರು ಮೊದಲು ನರಗುಂದ, ಆಮೇಲೆ ರೋಣ, ಆಮೇಲೆ ಗಜೇಂದ್ರಗಡ ಎಂದು ಸಾಲು ಮಾಡಿದರು. ಪುಣ್ಯದಲ್ಲೂ ನಾವೇ ಕಡೆಗೆ ಎಂದು ನಮ್ಮವರು ಗೊಣಗಿದರು. ನೀರಿಗಿಳಿದವರು ಒಂದು ಕೈಯಲ್ಲಿ ಸರಪಳಿ, ಒಂದು ಕೈಯಲ್ಲಿ ಮೊಬೈಲು ಹಿಡಿದರು. ಪಾಪ ತೊಳೆಯಲು ಕೈ ಉಳಿಯಲಿಲ್ಲ. ನರಗುಂದದ ಒಬ್ಬರು ಮುಳುಗೇಳುವುದರ ವಿಡಿಯೋ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಮುಳುಗಿದರು. ಅವರಿಗೆ ಎರಡು ಪಟ್ಟು ಪುಣ್ಯ ಬಂದಿರಬೇಕು.

ಎಲ್ಲರದೂ ಆದ ಮೇಲೆ ಹೆಡ್‌ಮಾಸ್ತರು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು. ಒಣ ಧೋತರ, ಒಣ ಅಂಗಿ.

"ಬರ್ರಿ ಮಾಸ್ತರ, ನೀವೂ ಇಳೀರಿ" ಎಂದು ಅತ್ತೆ ಕರೆದರು.

"ನಾ ಆಮ್ಯಾಲ ಇಳೀತೀನ್ರಿ ಅಮ್ಮಾರ. ಸಾಮಾನು ಕಾಯಬೇಕಲ್ಲ."

"ಸಾಮಾನು ನಾ ಕಾಯ್ತೀನಿ."

ಅವರು ಮತ್ತೇನೋ ನೆವ ಹುಡುಕಿದರು, ಸಿಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು. ಅವರ ಊರು ಕೊಣ್ಣೂರು. ಮಲಪ್ರಭೆ ಸೇತುವೆ ಮೇಲೆ ಬಂದ ಒಂದು ವರ್ಷ ಹೊಳೆ ಅವರ ಮನೆಯೊಳಗೂ ಬಂದಿತ್ತು. ಅಟ್ಟದ ಮೇಲೆ ಕೂತು, ಕೆಳಗೆ ತಮ್ಮ ಪುಸ್ತಕಗಳೆಲ್ಲ ತೇಲುತ್ತ ಬಾಗಿಲು ದಾಟಿ ಹೋಗುವುದನ್ನು ನೋಡಿದ್ದರಂತೆ.

"ಅವತ್ತಿನಿಂದ ಹರಿಯೂ ನೀರು ಕಂಡ್ರ ಕಾಲು ನಡಗತಾವ್ರಿ. ಟೀಚರ್ರ ಮುಂದ ಹೇಳಬ್ಯಾಡ್ರಿ" ಎಂದರು. ಟೀಚರಾದ ನಾನು ಮೂರು ಮೆಟ್ಟಿಲ ಕೆಳಗೆ ಸೀರೆ ಹಿಂಡುತ್ತ ನಿಂತಿದ್ದೆ. ಕೇಳದವಳ ಹಾಗೆ ಹಿಂಡಿದ್ದನ್ನೇ ಮತ್ತೆ ಹಿಂಡಿದೆ.

ಅತ್ತೆ ತಂಬಿಗೆ ತೆಗೆದುಕೊಂಡು ನೀರಿನ ತನಕ ಇಳಿದು ತುಂಬಿ ತಂದರು. "ಅಂಗಿ ತಗದು ಅಲ್ಲೇ ಕುಂಡ್ರಿ" ಎಂದರು. ನಾಲ್ಕು ಸಾವಿರ ಮಕ್ಕಳನ್ನಾದರೂ ಕೂರಿಸಿ ಏಳಿಸಿದ ಮನುಷ್ಯ, ಹೇಳಿದ ಹಾಗೆ ಮೆಟ್ಟಿಲ ಮೇಲೆ ಮೊಣಕಾಲು ಮಡಚಿ ಕೂತರು. ಮೊದಲ ತಂಬಿಗೆಗೆ "ಅಯ್ಯಯ್ಯೋ ಥಂಡಿ" ಎಂದು ಚೀರಿದರು. ಎರಡನೆಯದಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿದರು. ಮೂರನೆಯದು ಬೀಳುವಾಗ ಹಲ್ಲು ಕಟಕಟ ಎನ್ನುತ್ತಲೇ ನಗಲು ಶುರು ಮಾಡಿದರು. ಅವರು ಹಾಗೆ ನಕ್ಕಿದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ನೋಡಿರಲಿಲ್ಲ.

"ಆತ್ರಿ, ನಿಮ್ಮದೂ ಗಂಗಾಸ್ನಾನ ಆತು" ಎಂದು ಅತ್ತೆ ತಮ್ಮ ಒಣ ಟವೆಲ್ಲನ್ನು ಅವರ ತಲೆಯ ಮೇಲೆ ಹಾಕಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಹೆಂಗಸರು ಎಲೆಯ ದೊನ್ನೆಗಳಲ್ಲಿ ದೀಪ ಹಚ್ಚಿ ನೀರಿಗೆ ಬಿಡಲು ತೊಡಗಿದ್ದರು. ಹೆಡ್‌ಮಾಸ್ತರು ಟವೆಲ್ಲಿನೊಳಗಿಂದ ಮುಖ ಹೊರಗೆ ಹಾಕಿ, ಆ ದೀಪಗಳು ತೇಲಿ ಹೋಗುವುದನ್ನು ನಡುಗುತ್ತ, ಕಣ್ಣು ತೆಗೆಯದೆ ನೋಡುತ್ತ ಕೂತಿದ್ದರು.